ಟೇಟ್ ಮಾಡರ್ನ್‌ನಲ್ಲಿ ಎಮಿಲಿ ಕಾಮ್ ಉಂಗ್ವಾರೆ: ಇದರಲ್ಲಿ ಏನು ನೋಡಬೇಕು ಅಂತ ಯಾರಾದ್ರೂ ಹೇಳ್ತೀರಾ?

ಕ್ರಾಯ್ಡನ್ ಕನ್ನಡಿಗ

ಲಂಡನ್ನಿನ ಆಧುನಿಕ ಕಲಾ ಮ್ಯೂಸಿಯಂ ಟೇಟ್ ಮಾಡರ್ನ್‌ನಲ್ಲಿ ಆಸ್ಟ್ರೇಲಿಯಾದ ಅಬೊರಿಜಿನಲ್ (ಮೂಲನಿವಾಸಿ) ಕಲಾವಿದೆ ಎಮಿಲಿ ಕಾಮ್ ಉಂಗ್ವಾರೆ ಅವರ ದೊಡ್ಡ ಪ್ರದರ್ಶನ. 2025ರ ಜುಲೈನಿಂದ 2026ರ ಜನವರಿವರೆಗೆ. ನಾನೂ ಹೆಂಡತಿಯೂ ಹೋಗಿ ಬಂದೆವು. ಅವಳು ಒಂದೊಂದು ಚಿತ್ರದ ಮುಂದೆಯೂ ಬೇರು ಬಿಟ್ಟಂತೆ ನಿಂತಳು. ನಾನು ಕೂರೋಕೆ ಬೆಂಚ್ ಹುಡುಕಿದೆ.

ಬೈಯಬೇಡಿ, ನಿಜವಾಗಿಯೂ ಕೇಳ್ತಾ ಇದೀನಿ. ಒಂದು ದೊಡ್ಡ ಕ್ಯಾನ್ವಾಸ್ ತುಂಬ ಚುಕ್ಕಿ. ಇನ್ನೊಂದರಲ್ಲಿ ಬರೀ ಗೀಟು. ಪಕ್ಕದ ಬರಹ ಓದಿದರೆ ಅವರ ನೆಲ, ಅವರ ಪೂರ್ವಜರು ಅಂತೆಲ್ಲ ಇದೆ. ಅದು ಚಿತ್ರದೊಳಗೆ ಎಲ್ಲಿದೆ? ಎಪ್ಪತ್ತೆಂಟರ ಹತ್ತಿರ ಕ್ಯಾನ್ವಾಸ್ ಮುಟ್ಟಿದ ಅಜ್ಜಿ ಎಂಟು ವರ್ಷದಲ್ಲಿ ಸುಮಾರು 3000 ಚಿತ್ರ ಬರೆದರಂತೆ. ಅಂದರೆ ಹೆಚ್ಚೂಕಡಿಮೆ ದಿನಕ್ಕೊಂದು. ಇದು ಕಲೆಯೋ, ಕಾರ್ಖಾನೆಯೋ?

ಗಿರ್ಮಿಟ್ ಗಿರಿ

ಮೊದಲು ಟಿಕೆಟ್ ಎಷ್ಟು ಹೇಳಿ ಸರ್.

ಕ್ರಾಯ್ಡನ್ ಕನ್ನಡಿಗ

ಸದಸ್ಯತ್ವ ಇರೋ ಗೆಳೆಯ ಕರ್ಕೊಂಡು ಹೋದ. ದುಡ್ಡು ಕೊಟ್ಟಿದ್ದರೆ ಅರ್ಥ ಆದವನ ಹಾಗೆ ನಟಿಸ್ತಿದ್ದೆ.

ಕೆಂಪು ಮಣ್ಣು

ನಾನು ಆಲಿಸ್ ಸ್ಪ್ರಿಂಗ್ಸ್‌ನಲ್ಲಿ ನರ್ಸ್. ಎಮಿಲಿಯವರ ಊರ ಕಡೆ, ಅಂದರೆ ಯುಟೋಪಿಯಾ ಅನ್ನೋ ಪ್ರದೇಶ, ಇಲ್ಲಿಂದ ಈಶಾನ್ಯಕ್ಕೆ ಸುಮಾರು 250 ಕಿಲೋಮೀಟರ್. ಹೆಸರು ಕೇಳಿ ಮೋಸ ಹೋಗಬೇಡಿ. ದನ ಸಾಕೋಕೆ ಬಂದ ಬಿಳಿಯರು ಇಟ್ಟ ಹೆಸರು ಅದು. ಅಲ್ಲಿನ ಅನ್ಮಚೆರ್ ಜನಕ್ಕೆ ಅದು ಬೇರೆ ಬೇರೆ ಮನೆತನಗಳ ಬೇರೆ ಬೇರೆ ನೆಲ. ಎಮಿಲಿಯವರದ್ದು ಅಲ್‌ಹಾಲ್ಕೆರ್.

ಚುಕ್ಕಿಗೆ ಬರ್ತೀನಿ. ಅಲ್ಲಿ ಪೆನ್ಸಿಲ್ ಯಾಮ್ ಅಂತ ಒಂದು ಕಾಡುಗೆಣಸು ಬೆಳೆಯುತ್ತೆ. ಬಳ್ಳಿ ನೆಲದ ಮೇಲೆ ಹರಡುತ್ತೆ, ಗೆಡ್ಡೆ ಕೆಳಗೆ ಬಲಿಯುತ್ತೆ. ಬಲಿತಾಗ ಮೇಲಿನ ನೆಲ ಬಿರುಕು ಬಿಡುತ್ತೆ, ಹೆಂಗಸರು ಆ ಬಿರುಕು ನೋಡಿ ಅಗೆಯುತ್ತಾರೆ. ‘ಕಾಮ್’ ಅಂದರೆ ಆ ಬಳ್ಳಿಯ ಬೀಜ. ಅದೇ ಅವರ ಹೆಸರು. ಈಗ ಮತ್ತೆ ಹೋಗಿ ಆ ಗೀಟು ನೋಡಿ. ನೆಲದಡಿಯ ಬೇರೂ ಹೌದು, ಮೇಲಿನ ಬಿರುಕೂ ಹೌದು. ಚುಕ್ಕಿ ಅಂದರೆ ಬೀಜ, ಹೂವು, ಮಳೆ ಬಂದ ಮೇಲೆ ಏಳೋ ಹಸಿರು.

ಇನ್ನೊಂದು ಸಂಗತಿ. ಅವರ ಫೋಟೋದಲ್ಲಿ ಮೂಗಿನ ನಡುವಿನ ತೂತು ಗಮನಿಸಿದಿರಾ? ಅಲ್‌ಹಾಲ್ಕೆರ್‌ನಲ್ಲಿ ಆಚೆಯಿಂದ ಈಚೆಗೆ ತೂತಿರೋ ಒಂದು ಬಂಡೆ ಇದೆ. ಅದು ಅವರ ಪೂರ್ವಜ. ಮೂಗು ಚುಚ್ಚಿಸಿಕೊಂಡಿದ್ದು ಅದರ ಗುರುತಿಗೆ. ಆ ನೆಲವನ್ನು ಮೈಮೇಲೇ ಹೊತ್ತಿದ್ದವರು ಕ್ಯಾನ್ವಾಸ್ ಮೇಲೆ ಇನ್ನೇನು ಬರೀತಾರೆ ಹೇಳಿ?

ಸಸ್ಯಶಾಸ್ತ್ರದ ಸೀತಕ್ಕ

ಪೆನ್ಸಿಲ್ ಯಾಮ್ ಹೆಸರಿಗೆ ಮಾತ್ರ ಗೆಣಸು. ಅದರ ಕುಲ ವಿಗ್ನಾ. ಅಂದರೆ ನಮ್ಮ ಹೆಸರುಕಾಳು, ಉದ್ದು, ಅಲಸಂದೆಗೆ ದಾಯಾದಿ. ಕೋಡೂ ಬಿಡುತ್ತೆ, ಗೆಡ್ಡೆಯೂ ಕಟ್ಟುತ್ತೆ.

ಗಿರ್ಮಿಟ್ ಗಿರಿ

ಹೆಸರುಕಾಳಿನ ಚಿತ್ರಕ್ಕೆ ಲಂಡನ್‌ವರೆಗೂ ಹೋಗಬೇಕಿತ್ತಾ 😄

ಮೆಲ್ಬರ್ನ್ ಮಂಜುಳಾ

ಆ ಗೆಣಸಿನ ದೊಡ್ಡ ಚಿತ್ರ ನಮ್ಮೂರಿನದು. 1995ರಲ್ಲಿ ಬರೆದದ್ದು, ವಿಕ್ಟೋರಿಯಾ ರಾಷ್ಟ್ರೀಯ ಗ್ಯಾಲರಿಯ ಆಸ್ತಿ. ಎತ್ತರ ಹತ್ತಿರ ಹತ್ತಿರ 3 ಮೀಟರ್, ಉದ್ದ 8 ಮೀಟರ್. ಕಪ್ಪು ಬಟ್ಟೆ ಮೇಲೆ ಬಿಳಿ ಗೀಟು, ಅಷ್ಟೇ. ಇನ್ನೊಂದು ಬಣ್ಣ ಇಲ್ಲ. ಬಟ್ಟೆಯನ್ನು ನೆಲಕ್ಕೆ ಹಾಸಿ, ಅದರ ಮೇಲೇ ಕೂತು, ಸರೀತಾ ಸರೀತಾ ಎರಡು ದಿನದಲ್ಲಿ ಮುಗಿಸಿದ್ದು. ಹತ್ತಿರ ಹೋದರೆ ಕೈ ಎಲ್ಲಿ ನಿಂತಿತು, ಎಲ್ಲಿ ಕುಂಚದ ಬಣ್ಣ ತೀರಿ ಮತ್ತೆ ಅದ್ದಿದರು ಅನ್ನೋದು ಕಾಣುತ್ತೆ. ಗೀಟು ತೆಳುವಾಗುತ್ತಾ ಹೋಗಿ, ಇದ್ದಕ್ಕಿದ್ದ ಹಾಗೆ ದಪ್ಪ ಆಗುತ್ತೆ. ಒರೆಸಿ ತಿದ್ದಿದ ಜಾಗ ನನಗಂತೂ ಒಂದೂ ಸಿಕ್ಕಿಲ್ಲ.

ದಿನಕ್ಕೊಂದು ಹೇಗೆ ಅಂತ ಕೇಳಿದಿರಿ. ಅರವತ್ತು ವರ್ಷದಿಂದ ಮೈಮೇಲೆ, ಮರಳಿನ ಮೇಲೆ ಬರೆದ ಕೈ ಅದು. ಕ್ಯಾನ್ವಾಸ್ ಮಾತ್ರ ಹೊಸದು.

ಬೆಣ್ಣೆದೋಸೆ ಬಸು

ಇದೆಲ್ಲ ಕೇಳೋಕೆ ಚೆನ್ನಾಗಿದೆ. ಆದರೆ ಗ್ಯಾಲರಿಯವರು ಬರೆದುಕೊಟ್ಟ ಕಥೆ ಅಲ್ವಾ? ಅವರ ‘ಅರ್ತ್ಸ್ ಕ್ರಿಯೇಷನ್’ ಅನ್ನೋ 1994ರ ಚಿತ್ರ 2007ರಲ್ಲಿ ಹತ್ತೂವರೆ ಲಕ್ಷ ಆಸ್ಟ್ರೇಲಿಯನ್ ಡಾಲರಿಗೆ ಹರಾಜಾಯ್ತು. 2017ರಲ್ಲಿ ಅದೇ ಚಿತ್ರ 21 ಲಕ್ಷಕ್ಕೆ. ಆಯಮ್ಮ ತೀರಿಕೊಂಡಿದ್ದು 1996ರಲ್ಲಿ. ಅಂದರೆ ಬೆಲೆ ಏರಿದ್ದೆಲ್ಲ ಯಾರ ಜೇಬಿಗೆ? ‘ಗೌರವ’ ಅಂತ ಹೆಸರಿಟ್ಟು ಪ್ರದರ್ಶನ ಮಾಡೋದು, ಆಮೇಲೆ ಗೋಡೌನಿನಲ್ಲಿರೋ ಚಿತ್ರದ ರೇಟು ಏರಿಸೋದು. ಮಾರ್ಕೆಟ್ ಅಂದರೆ ಇದೇ.

ಕೆಂಪು ಮಣ್ಣು

ಬಸು ಅವರೇ, ದುಡ್ಡಿನ ವಿಷಯದಲ್ಲಿ ಜಗಳ ಇಲ್ಲ. ಎಮಿಲಿ ಬದುಕಿದ್ದಾಗಲೇ ಹತ್ತಾರು ದಲ್ಲಾಳಿಗಳು ಗಾಡಿ ಮಾಡಿಕೊಂಡು ಬರ್ತಿದ್ದರು. ಬಂದ ದುಡ್ಡು ದೊಡ್ಡ ಬಳಗಕ್ಕೆ ಹೋಗ್ತಿತ್ತು. ದುಡಿಯೋ ಕೈ ಒಂದು, ತಿನ್ನೋ ಬಾಯಿ ನೂರು. 3000ದ ಹಿಂದೆ ಈ ಒತ್ತಡವೂ ಇದೆ.

ಆದರೆ ‘ಗ್ಯಾಲರಿಯವರ ಕಥೆ’ ಅಂದದ್ದು ಒಪ್ಪಲ್ಲ. ಅವೆಲ್ಯೆ ಅಂತ ಅಲ್ಲಿನ ಹೆಂಗಸರ ಆಚರಣೆ. ಎದೆ, ಭುಜ, ತೋಳಿನ ಮೇಲೆ ಕೆಮ್ಮಣ್ಣು, ಬಿಳಿ ಮಣ್ಣಿನಲ್ಲಿ ಪಟ್ಟೆ ಎಳೆದುಕೊಂಡು ಹಾಡಿ ಕುಣಿಯೋದು. 1970ರ ದಶಕದ ಕೊನೆಗೆ ಭೂಮಿ ಹಕ್ಕಿನ ವಿಚಾರಣೆ ನಡೆದಾಗ ಆ ಹೆಂಗಸರು ಇದು ನಮ್ಮ ನೆಲ ಅಂತ ತೋರಿಸಿದ್ದೇ ಅವೆಲ್ಯೆ ಮಾಡಿ. ನೆಲ ವಾಪಸ್ ಬಂತು. ನೀವು ನೋಡೋ ಆ ಗೀಟಿನ ಚಿತ್ರಗಳಲ್ಲಿ ಬಹಳಷ್ಟು ಅದೇ ಮೈಪಟ್ಟೆ. ಗ್ಯಾಲರಿಗಳು ಬರೋಕೆ ಮುಂಚೆ ಇದು ಕಾನೂನಿನ ಮುಂದೆ ಹಕ್ಕುಪತ್ರದ ಕೆಲಸ ಮಾಡಿದೆ.

ಕ್ರಾಯ್ಡನ್ ಕನ್ನಡಿಗ

ಇದು ಗೊತ್ತಿರಲಿಲ್ಲ. ಪಟ್ಟೆಯನ್ನ ನಾನು ಪರದೆ ಬಟ್ಟೆಯ ಡಿಸೈನ್ ಅಂದುಕೊಂಡಿದ್ದೆ.

ಲೆಕ್ಕದ ಲೋಕೇಶ

ಬಸು ಅವರ ಪ್ರಶ್ನೆಗೆ ಒಂದು ಕಾನೂನಿನ ಉತ್ತರ. ಆಸ್ಟ್ರೇಲಿಯಾದಲ್ಲಿ 2010ರ ಜೂನ್‌ನಿಂದ ಮರುಮಾರಾಟದ ರಾಯಲ್ಟಿ ಇದೆ. ಡೀಲರ್ ಅಥವಾ ಹರಾಜಿನ ಮೂಲಕ 1000 ಡಾಲರಿಗೆ ಅಥವಾ ಅದಕ್ಕೂ ಮೇಲೆ ಮಾರಿದರೆ 5% ಕಲಾವಿದರಿಗೆ, ಅವರು ಇಲ್ಲದಿದ್ದರೆ ವಾರಸುದಾರರಿಗೆ, ಸತ್ತ ಮೇಲೆ 70 ವರ್ಷದವರೆಗೆ. ಆದರೆ ಕೊಕ್ಕೆ ಇದೆ. ಕಾನೂನು ಬರೋ ಮುಂಚೆಯೇ ಕೊಂಡಿಟ್ಟ ಚಿತ್ರವನ್ನು ಆಮೇಲೆ ಮೊದಲ ಸಲ ಮಾರಿದಾಗ ರಾಯಲ್ಟಿ ಇಲ್ಲ. ಅದರ ಮುಂದಿನ ಮಾರಾಟದಿಂದ ಮಾತ್ರ.

ಬೆಣ್ಣೆದೋಸೆ ಬಸು

5%! ಕಮಿಷನ್ ಏಜೆಂಟನೂ ಇದಕ್ಕಿಂತ ಜಾಸ್ತಿ ಕೇಳ್ತಾನೆ.

ಪರಿಷತ್ತಿನ ಹಳೇ ವಿದ್ಯಾರ್ಥಿ

ಚಿತ್ರಕಲಾ ಪರಿಷತ್ತಿನಲ್ಲಿ ಓದಿದವನು ನಾನು. ಎಮಿಲಿ ಅಂದ ತಕ್ಷಣ ಎಲ್ಲರೂ ಅಮೆರಿಕದ ಅಮೂರ್ತ ಚಿತ್ರಕಾರರ ಹೆಸರು ಎಳೆದು ತರ್ತಾರೆ. ನಮ್ಮ ಮೇಷ್ಟ್ರೂ ಹಾಗೇ ಮಾಡ್ತಿದ್ದರು. ಅಲ್ಲಿಗೂ ಇಲ್ಲಿಗೂ ಸಂಬಂಧ ಇಲ್ಲ, ಅವರು ಆ ಚಿತ್ರಗಳನ್ನು ನೋಡಿ ಕಲಿತವರಲ್ಲ. ಶುರುವಾಗಿದ್ದು ಬಾಟಿಕ್‌ನಿಂದ. ಬಟ್ಟೆಗೆ ಮೇಣ ಹಾಕಿ ಬಣ್ಣ ಕಟ್ಟೋ ಕಲೆ ಅದು. 1977ರಲ್ಲಿ ಯುಟೋಪಿಯಾದ ಹೆಂಗಸರು ಅದನ್ನ ಕಲಿತರು. ಸುಮಾರು ಹತ್ತು ವರ್ಷ ರೇಷ್ಮೆ, ಹತ್ತಿ ಮೇಲೆ ಮೇಣ ಹಾಕಿದರು. 1988–89ರ ಬೇಸಿಗೆಯಲ್ಲಿ ಅವರಿಗೆಲ್ಲ ಕ್ಯಾನ್ವಾಸು, ಅಕ್ರಿಲಿಕ್ ಬಣ್ಣ ಹಂಚಿದರು. ಎಮಿಲಿಯವರ ಮೊದಲ ಚಿತ್ರ ‘ಎಮು ವುಮನ್’ ಬಂದಿದ್ದು ಆಗಲೇ.

ಬಾಟಿಕ್ ಯಾಕೆ ಬಿಟ್ಟರು ಅಂತ ಕೇಳಿದ್ದಕ್ಕೆ ಅವರು ಕೊಟ್ಟ ಕಾರಣ ನನಗೆ ಬಹಳ ಇಷ್ಟ. ಬೆಂಕಿ ಹಾಕಬೇಕು, ಕುದಿಸಬೇಕು, ಸೋಪಿನ ಪುಡಿ ಹಾಕಿ ಒಗೀಬೇಕು, ಮತ್ತೆ ಮತ್ತೆ ಅದೇ. ಸಾಕಾಯ್ತು ಅಂದರು. ಕ್ಯಾನ್ವಾಸ್ ಸುಲಭ. ವಿಮರ್ಶಕರು ಇದಕ್ಕೆ ಏನೇನೋ ತತ್ವ ಹುಡುಕ್ತಾರೆ.

ಮೆಲ್ಬರ್ನ್ ಮಂಜುಳಾ

ಒಗೆಯೋ ಕೆಲಸ ತಪ್ಪಿಸಿಕೊಳ್ಳೋಕೆ ಹೊರಟು ಜಗತ್ತಿನ ದೊಡ್ಡ ಕಲಾವಿದೆ ಆದರು. ನಮ್ಮನೆ ಗಂಡಸರಿಗೆ ಓದಿ ಹೇಳಬೇಕು.

ಸಾಗರದ ಸುಮಾ

ಗೋಡೆ ಮೇಲೆ ಹೆಂಗಸರು ಬರೆಯೋದು ಅಂದರೆ ನಮ್ಮ ಕಡೆಯ ದೀವರ ಹಸೆ ಚಿತ್ತಾರ ನೆನಪಾಯ್ತು. ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿ ಹಿಟ್ಟಿನ ಬಿಳಿ, ಪುಂಡಿ ನಾರಿನ ಕುಂಚ. ನಮ್ಮಲ್ಲಿ ಯಾವ ಟೇಟ್ ಮಾಡರ್ನ್ ಕರೆಯುತ್ತೆ?

ಪರಿಷತ್ತಿನ ಹಳೇ ವಿದ್ಯಾರ್ಥಿ

ಎರಡನ್ನೂ ಒಂದೇ ತಕ್ಕಡಿಗೆ ಹಾಕೋಕೆ ಆಗಲ್ಲ ಸುಮಾ ಅವರೇ. ಹಸೆ ಮದುವೆಮನೆಯದು.

ಸಾಗರದ ಸುಮಾ

ಹಾಕಿ ಅಂದವರು ಯಾರು? ಬರೆದವರ ಹೆಸರು ಕೆಳಗೆ ಇರಲ್ಲ ಅನ್ನೋದು ನನ್ನ ಮಾತು. ಎಮಿಲಿಯವರದ್ದು ಇದೆ.

ನಿರ್ವಾಹಕರು

ಹಸೆ ಚಿತ್ತಾರಕ್ಕೆ ಬೇರೆ ಚರ್ಚೆ ತೆರೆಯಿರಿ, ದಯವಿಟ್ಟು. ಒಳ್ಳೆ ವಿಷಯ, ಇಲ್ಲಿ ಕಳೆದುಹೋಗುತ್ತೆ.

ಮೆಲ್ಬರ್ನ್ ಮಂಜುಳಾ

ಸುಮಾ ಹೇಳಿದ ಹೆಸರಿನ ಮಾತು ಅಲ್ಲಿಗೂ ಹೊಂದುತ್ತೆ, ಅದನ್ನ ಬಿಡಬೇಡಿ. ಪಶ್ಚಿಮ ಮರುಭೂಮಿಯ ಕ್ಯಾನ್ವಾಸ್ ಚಳವಳಿ ಶುರುವಾಗಿದ್ದು 1971ರಲ್ಲಿ, ಪಾಪುನ್ಯಾ ಅನ್ನೋ ಕಡೆ. ಶುರು ಮಾಡಿದವರು ಗಂಡಸರು. ಹಿನ್ನೆಲೆಯ ಸಾವಿರಾರು ಚುಕ್ಕಿ ತುಂಬಿಸೋಕೆ ಹೆಂಡತಿ, ಮಗಳು ಕೂರ್ತಿದ್ದರು. ಚಿತ್ರದ ಹಿಂದೆ ಬರೆದ ಹೆಸರು ಮಾತ್ರ ಒಂದೇ. ಅಲ್ಲಿನ ಕಿಂಟೋರ್, ಹಾಸ್ಟ್ಸ್ ಬ್ಲಫ್ ಅನ್ನೋ ಊರುಗಳ ಹೆಂಗಸರು ಸೇರಿ ಚಿತ್ರ ಬರೆಯೋಕೆ ತಮ್ಮದೇ ಶಿಬಿರ ಮಾಡಿಕೊಂಡಿದ್ದು 1994ರಲ್ಲಿ. ಆಮೇಲೆ ಅಲ್ಲಿನ ಕಲೆ ಬಣ್ಣವೇ ಬದಲಾಯಿಸಿಬಿಟ್ಟಿತು.

1997ರಲ್ಲಿ ವೆನಿಸ್ ಬಿಯೆನಾಲೆ ಅನ್ನೋ ದೊಡ್ಡ ಅಂತರರಾಷ್ಟ್ರೀಯ ಕಲಾಮೇಳಕ್ಕೆ ಆಸ್ಟ್ರೇಲಿಯಾ ಕಳಿಸಿದ್ದು ಮೂವರ ಕೆಲಸವನ್ನ. ಎಮಿಲಿ (ಅಷ್ಟರಲ್ಲಿ ತೀರಿಕೊಂಡಿದ್ದರು), ಜೂಡಿ ವಾಟ್ಸನ್, ಇವಾನ್ ಕೂಲ್ಮಾಟ್ರಿ. ಮೂವರೂ ಅಬೊರಿಜಿನಲ್ ಹೆಂಗಸರು. ಇವಾನ್ ಚಿತ್ರಕಾರರಲ್ಲ, ಮರ್ರಿ ಅನ್ನೋ ನದಿ ಕಡೆಯ ನೇಯ್ಗೆಯವರು. ಜೊಂಡಿನಲ್ಲಿ ಈಲ್ ಮೀನಿನ ಬಲೆ ನೇಯ್ತಾರೆ. ಅದನ್ನ ವೆನಿಸ್‌ನಲ್ಲಿ ತೂಗುಹಾಕಿದರು.

ಗಿರ್ಮಿಟ್ ಗಿರಿ

ಮೀನಿನ ಬಲೆ ಕಲೆ ಆದರೆ ನಮ್ಮ ತಾತ ದೊಡ್ಡ ಕಲಾವಿದ.

ಸಾಗರದ ಸುಮಾ

ಇರಬಹುದು ಗಿರಿ. ನಿಮ್ಮ ತಾತನ ಕೂಳಿ ಯಾರೂ ಕೂತು ನೋಡಲಿಲ್ಲ ಅಷ್ಟೇ.

ಕೆಂಪು ಮಣ್ಣು

ನೇಯ್ಗೆ ಅಂದ ಮೇಲೆ ಹುಲ್ಲಿನ ಟೊಯೋಟಾ ಹೇಳದೆ ಇರೋಕಾಗಲ್ಲ. ತ್ಜಾನ್ಪಿ ಡೆಸರ್ಟ್ ವೀವರ್ಸ್ ಅಂತ, 1995ರಲ್ಲಿ ಮರುಭೂಮಿ ಹೆಂಗಸರ ಮಂಡಳಿಯಿಂದ ಶುರುವಾದ ಗುಂಪು. ತ್ಜಾನ್ಪಿ ಅಂದರೆ ಒಣಹುಲ್ಲು. ಬ್ಲ್ಯಾಕ್‌ಸ್ಟೋನ್ ಅನ್ನೋ ಹಳ್ಳಿಯ ಹೆಂಗಸರು ಸೇರಿ ಹುಲ್ಲಿನಲ್ಲೇ ಒಂದು ಪೂರ್ತಿ ಗಾತ್ರದ ಟೊಯೋಟಾ ಗಾಡಿ ಹೆಣೆದರು. 2005ರಲ್ಲಿ ಡಾರ್ವಿನ್‌ನ ದೊಡ್ಡ ರಾಷ್ಟ್ರೀಯ ಪ್ರಶಸ್ತಿ, ಅಬೊರಿಜಿನಲ್ ಕಲೆಗೆ ಕೊಡೋದು, ಅದಕ್ಕೇ ಬಂತು. ಇಲ್ಲಿ ಟೊಯೋಟಾ ಇಲ್ಲದೆ ಬದುಕಿಲ್ಲ. ಆಸ್ಪತ್ರೆಗೆ, ಸಾವಿಗೆ, ಹುಲ್ಲು ಕೊಯ್ಯೋಕೆ, ಎಲ್ಲದಕ್ಕೂ ಅದೇ. 

ಡಾರ್ವಿನ್ ದಿನೇಶ

ಅದೇ ಪ್ರಶಸ್ತಿ 2025ರಲ್ಲಿ ಗೈಪಲಾನಿ ವನಂಬಿ ಅನ್ನೋ ಯೊಲ್ಙು ಜನದ ಕಲಾವಿದೆಗೆ ಬಂತು. ಎಸೆದುಹೋದ ರಸ್ತೆ ಫಲಕದ ಲೋಹದ ಮೇಲೆ ಕೆತ್ತಿದ್ದು. ಜೇನು, ಹೂವು.

ಯೊಲ್ಙು ಹೆಂಗಸರ ಬಗ್ಗೆ ಇಲ್ಲಿ ಯಾರೂ ಮಾತಾಡ್ತಾ ಇಲ್ಲ. ಚುಕ್ಕಿ ಅಂದರೆ ಮರುಭೂಮಿ. ಉತ್ತರದ ಆರ್ನೆಮ್ ಲ್ಯಾಂಡ್‌ನಲ್ಲಿ ಮರದ ತೊಗಟೆ. ಮಳೆಗಾಲದಲ್ಲಿ ಸ್ಟ್ರಿಂಗಿಬಾರ್ಕ್ ಮರದ ತೊಗಟೆ ಸುಲಿದು, ಬೆಂಕಿಗೆ ಹಿಡಿದು, ಭಾರ ಹೇರಿ ಚಪ್ಪಟೆ ಮಾಡ್ತಾರೆ. ಸಣ್ಣ ಗೀಟಿಗೆ ಮನುಷ್ಯರ ಕೂದಲಿನ ಕುಂಚ. ಅಲ್ಲಿನ ಯಿರ್ಕಾಲಾ ಅನ್ನೋ ಊರಿನ ಕಲಾಕೇಂದ್ರದ ನಿಯಮ ಏನಂದ್ರೆ, ನೆಲದ ಚಿತ್ರ ಬರೀತೀಯಾ, ನೆಲದಿಂದ ಸಿಕ್ಕಿದ್ದನ್ನೇ ಬಳಸು. ಅಂಗಡಿ ಬಣ್ಣ ಇಲ್ಲ.

ಈಗ ಮಜಾ ಕೇಳಿ. ನೊಂಗಿರ್ಙ ಮರವಿಲಿ ಅನ್ನೋ ಅಜ್ಜಿ ಅಲ್ಲಿ ಬಿಸಾಕಿದ್ದ ಪ್ರಿಂಟರ್ ಕಾರ್ಟ್ರಿಜ್ ಎತ್ತಿಕೊಂಡು, ಅದರ ಗುಲಾಬಿ ಟೋನರನ್ನ ಬಣ್ಣಕ್ಕೆ ಬೆರೆಸಿದರು. ಇದೂ ನಮ್ಮ ನೆಲದ ಮೇಲೇ ಸಿಕ್ಕಿದ್ದು ಅಲ್ವಾ? ನಿಯಮ ಮುರಿಯಲಿಲ್ಲ, ಎಳೆದು ಹಿಗ್ಗಿಸಿದರು. ಆ ಗುಲಾಬಿ ತೊಗಟೆಗಳು ಬೆಂಕಿಯ ಹಾಗೆ ಹೊಳೆಯುತ್ತವೆ. ಇನ್ನೊಬ್ಬರು ಧಂಬಿತ್ ಮುನುಂಗುರ್. 2005ರಲ್ಲಿ ಲಾರಿ ಗುದ್ದಿ ಮೈ ಸ್ವಾಧೀನ ಕಳಕೊಂಡರು. ಕಲ್ಲು ಅರೆದು ಬಣ್ಣ ಮಾಡೋಕೆ ಕೈಲಾಗಲ್ಲ. ಅವರಿಗೆ ಅಕ್ರಿಲಿಕ್ ಬಳಸೋಕೆ ಒಪ್ಪಿಗೆ ಸಿಕ್ಕಿತು. ಅವರು ಹಿಡಿದಿದ್ದು ನೀಲಿ, ಆ ತೊಗಟೆಗಳಲ್ಲಿ ಅದುವರೆಗೂ ಇಲ್ಲದ ಬಣ್ಣ. 2021ರ ಕೊನೆಗೆ ಮೆಲ್ಬರ್ನ್‌ನಲ್ಲಿ ಯಿರ್ಕಾಲಾದ ಹನ್ನೊಂದು ಹೆಂಗಸರ ಪ್ರದರ್ಶನ ಆದಾಗ ಇವರಿಬ್ಬರೂ ಇದ್ದರು.

ಮೆಲ್ಬರ್ನ್ ಮಂಜುಳಾ

ನೋಡಿದೀನಿ. ಆ ನೀಲಿ ಮರೆಯೋಕಾಗಲ್ಲ.

ಕ್ರಾಯ್ಡನ್ ಕನ್ನಡಿಗ

ಸರಿ, ಹಾಗಾದರೆ ಪ್ರತಿ ಗೀಟಿಗೂ ಒಂದು ಕಥೆ ಇರುತ್ತೆ ಅಂತ ಲೆಕ್ಕ. ಕಥೆ ಗೊತ್ತಿಲ್ಲದವರು ನೋಡಿ ಪ್ರಯೋಜನ ಏನು?

ಡಾರ್ವಿನ್ ದಿನೇಶ

ಹಾಗೂ ಅಲ್ಲ. ನ್ಯಪನ್ಯಪ ಯುನುಪಿಂಗು ಅಂತ, ಅವರೂ ಯಿರ್ಕಾಲಾದವರೇ. ಹಿಂದೆ ಒಂದು ಕಾಡೆಮ್ಮೆ ಅವರನ್ನು ಹಾಯ್ದಿತ್ತು. ಅದನ್ನ ತೊಗಟೆ ಮೇಲೆ ಬರೆದು 2008ರಲ್ಲಿ ಪ್ರಶಸ್ತಿ ಪಡೆದರು. ಆಮೇಲೆ ಕಥೆಯನ್ನೇ ಬಿಟ್ಟುಬಿಟ್ಟರು. ಪವಿತ್ರ ವಿನ್ಯಾಸ ಇಲ್ಲ, ಪೂರ್ವಜರ ಕಥೆ ಇಲ್ಲ. ಬರೀ ಗೀಟು, ಗೀಟಿನ ಮೇಲೆ ಗೀಟು. ಇದಕ್ಕೆ ಅರ್ಥ ಏನು ಅಂದರೆ ಏನೂ ಇಲ್ಲ ಅನ್ನೋದೇ ಉತ್ತರ. ಸಿಡ್ನಿಯ ದೊಡ್ಡ ಗ್ಯಾಲರಿಗಳೂ ಅದನ್ನೇ ಕೊಂಡವು.

ಪರಿಷತ್ತಿನ ಹಳೇ ವಿದ್ಯಾರ್ಥಿ

ಸ್ಯಾಲಿ ಗಬೋರಿಯವರನ್ನೂ ಸೇರಿಸಿ. ಬೆಂಟಿಂಕ್ ದ್ವೀಪದ ಕಾಯಡಿಲ್ಟ್ ಜನ. 1948ರಲ್ಲಿ ಸಮುದ್ರ ಉಕ್ಕಿದ ಮೇಲೆ ಮಿಷನ್‌ನವರು ಎಲ್ಲರನ್ನೂ ಪಕ್ಕದ ಮಾರ್ನಿಂಗ್ಟನ್ ದ್ವೀಪಕ್ಕೆ ಸಾಗಿಸಿದರು. ಅವರಲ್ಲಿ ಚಿತ್ರ ಬರೆಯೋ ಸಂಪ್ರದಾಯವೇ ಇರಲಿಲ್ಲ. 2005ರಲ್ಲಿ, ಎಂಬತ್ತರ ಆಸುಪಾಸಿನಲ್ಲಿ ಆಯಮ್ಮ ಕುಂಚ ಹಿಡಿದು, ಬಿಟ್ಟುಬಂದ ದ್ವೀಪವನ್ನೇ ಬರೆದರು. ಚುಕ್ಕಿ ಒಂದೂ ಇಲ್ಲ. ಗೋಡೆಯಷ್ಟು ಅಗಲದ ಬಣ್ಣದ ಹರಹು. 2022ರಲ್ಲಿ ಪ್ಯಾರಿಸ್‌ನಲ್ಲಿ ದೊಡ್ಡ ಪ್ರದರ್ಶನ ಆಯ್ತು. ಹಾಗಾಗಿ ‘ಅಬೊರಿಜಿನಲ್ ಕಲೆ ಅಂದರೆ ಚುಕ್ಕಿ’ ಅನ್ನೋ ಮಾತನ್ನ ಮೊದಲು ಬಿಡಿ.

ಸಿಡ್ನಿ ಸ್ವಾತಿ

ನೀವೆಲ್ಲ ಅಜ್ಜಿ, ಮರುಭೂಮಿ, ಹುಲ್ಲು ಅಂತಾನೇ ಕೂತಿದೀರಿ. ನಗರದ ಅಬೊರಿಜಿನಲ್ ಹೆಂಗಸರು? ಟ್ರೇಸಿ ಮಾಫಟ್ ಫೋಟೋ, ಸಿನಿಮಾ ಎರಡರಲ್ಲೂ ಹೆಸರು ಮಾಡಿದವರು, 2017ರಲ್ಲಿ ವೆನಿಸ್‌ಗೆ ಒಬ್ಬರೇ ಹೋದರು. ಡೆಸ್ಟಿನಿ ಡೀಕನ್ ಕಪ್ಪು ಗೊಂಬೆಗಳನ್ನ ಸೋಫಾ ಮೇಲೆ ಕೂರಿಸಿ ಫೋಟೋ ತೆಗೆದರು. ಬಿಳಿಯರ ಮನೆಯಲ್ಲಿ ಅಲಂಕಾರಕ್ಕೆ ಇಟ್ಟಿರ್ತಿದ್ದರಲ್ಲ, ಅಂಥ ಗೊಂಬೆಗಳನ್ನೇ ಹುಡುಕಿ ಕೂಡಿಸಿ. ನಗು ಬರುತ್ತೆ, ಆಮೇಲೆ ನಕ್ಕಿದ್ದಕ್ಕೆ ಮುಜುಗರ ಆಗುತ್ತೆ. 2024ರಲ್ಲಿ ತೀರಿಕೊಂಡರು. ಮಾರುಕಟ್ಟೆಗೆ ಕೋಪ ಇಲ್ಲದ, ಸೋಫಾದ ಬಣ್ಣಕ್ಕೆ ಹೊಂದೋ ಅಬೊರಿಜಿನಲ್ ಕಲೆ ಬೇಕು. ಅದಕ್ಕೇ ಚುಕ್ಕಿ ಇಷ್ಟ.

ಕೆಂಪು ಮಣ್ಣು

ಸ್ವಾತಿ, ಯುಟೋಪಿಯಾದ ಚಿತ್ರದಲ್ಲಿ ಕೋಪ ಇಲ್ಲ ಅಂತ ಯಾರು ಹೇಳಿದ್ದು? ನೆಲ ಕಿತ್ತುಕೊಂಡವರ ಮುಂದೆ ಅದೇ ನೆಲ ಬರೆಯೋದು ಸೌಮ್ಯ ಕೆಲಸನಾ?

ಸಿಡ್ನಿ ಸ್ವಾತಿ

ಚಿತ್ರದಲ್ಲಿ ಇಲ್ಲ ಅನ್ನಲಿಲ್ಲ ಅಕ್ಕ. ಕೊಳ್ಳೋರಿಗೆ ಕಾಣಲ್ಲ ಅಂದೆ.

ಒಂಟೆ ಸವಾರ

ಎಮಿಲಿ ಚಿಕ್ಕ ವಯಸ್ಸಿನಲ್ಲಿ ಒಂಟೆ ನಡೆಸೋ ಕೆಲಸವನ್ನೂ ಮಾಡಿದ್ದರು. ಆಸ್ಟ್ರೇಲಿಯಾಕ್ಕೆ ಒಂಟೆಗಳ ಮೊದಲ ದೊಡ್ಡ ತಂಡ ಬಂದಿದ್ದು 1860ರಲ್ಲಿ ಕರಾಚಿಯಿಂದ, ನಡೆಸುವವರ ಸಮೇತ. ಅವರೆಲ್ಲರನ್ನೂ ‘ಅಫ್ಘಾನ್’ ಅಂತ ಕರೆದುಬಿಟ್ಟರು.

ಗಿರ್ಮಿಟ್ ಗಿರಿ

ಕಾಳಿನಿಂದ ಒಂಟೆಗೆ ಬಂದ್ವಿ. ನಿರ್ವಾಹಕರು ಮಲಗಿದಾರೆ ಅನ್ಸುತ್ತೆ.

ಸೂರತ್ ಸತೀಶ

ಒಂಟೆಗಿಂತ ಹತ್ತಿರದ ನಂಟು ನಾನು ಹೇಳ್ತೀನಿ. ವಜ್ರದ ವ್ಯಾಪಾರದಲ್ಲಿದ್ದೀನಿ. ಪಶ್ಚಿಮ ಆಸ್ಟ್ರೇಲಿಯಾದ ಆರ್ಗೈಲ್ ಗಣಿಯ ಸಣ್ಣ ಕಂದು ಹರಳುಗಳಲ್ಲಿ ಬಹುಪಾಲು ಪಾಲಿಶ್ ಆಗ್ತಿದ್ದದ್ದು ಭಾರತದಲ್ಲೇ. ಗಣಿ 2020ರಲ್ಲಿ ಮುಚ್ಚಿತು. ಆ ಜಾಗ ಗಿಜಾ ಅನ್ನೋ ಅಲ್ಲಿನ ಅಬೊರಿಜಿನಲ್ ಜನದ ಹೆಂಗಸರ ಕಥೆಯ ಜಾಗ. ಮೂವರು ಹೆಂಗಸರು ಹುಲ್ಲಿನ ಬಲೆ ಹಾಕಿ ಬಾರಾಮುಂಡಿ ಮೀನು ಹಿಡಿಯೋಕೆ ಹೋದರಂತೆ. ಮೀನು ತಪ್ಪಿಸಿಕೊಂಡು ಹಾರಿತು. ಉದುರಿದ ಹುರುಪೆಗಳೇ ವಜ್ರ. ಲೀನಾ ನ್ಯಾಡ್ಬಿ ಅನ್ನೋ ಗಿಜಾ ಕಲಾವಿದೆ ಆ ಹುರುಪೆಗಳನ್ನು ಬರೆದರು. ಪ್ಯಾರಿಸ್‌ನ ಕೇ ಬ್ರಾನ್ಲಿ ಮ್ಯೂಸಿಯಂನವರು 2013ರಲ್ಲಿ ಆ ಚಿತ್ರವನ್ನು ಚಾವಣಿ ಮೇಲೆ ಸುಮಾರು 700 ಚದರ ಮೀಟರ್ ಅಗಲಕ್ಕೆ ಹಿಗ್ಗಿಸಿ ಬರೆಸಿದರು. ಐಫೆಲ್ ಗೋಪುರ ಹತ್ತಿದವರಿಗೆ ಕಾಣುತ್ತೆ.

ನಮ್ಮವರು ಎಷ್ಟೋ ಜನ ಆ ಹುರುಪೆಗಳನ್ನ ಉಂಗುರದಲ್ಲಿ ಹಾಕಿಕೊಂಡು ಓಡಾಡ್ತಾ ಇದಾರೆ, ಅವರಿಗೇ ಗೊತ್ತಿಲ್ಲ.

ಸಸ್ಯಶಾಸ್ತ್ರದ ಸೀತಕ್ಕ

ಮೂವರಲ್ಲ, ಏಳು ಅಕ್ಕತಂಗಿಯರ ಕಥೆ ಅಲ್ವಾ ಅದು?

ಕೆಂಪು ಮಣ್ಣು

ಅದು ಬೇರೆ ಸೀತಕ್ಕ. ಏಳು ಅಕ್ಕತಂಗಿಯರನ್ನ ಒಬ್ಬ ಗಂಡಸು ವೇಷ ಬದಲಾಯಿಸಿಕೊಂಡು ಮರುಭೂಮಿ ಉದ್ದಕ್ಕೂ ಬೆನ್ನಟ್ಟುತ್ತಾನೆ. ಅವರು ತಪ್ಪಿಸಿಕೊಂಡು ಆಕಾಶ ಸೇರ್ತಾರೆ. 2017ರಲ್ಲಿ ಕ್ಯಾನ್‌ಬೆರಾದ ರಾಷ್ಟ್ರೀಯ ಮ್ಯೂಸಿಯಂ ಈ ಕಥೆ ಮೇಲೇ ಒಂದು ಇಡೀ ಪ್ರದರ್ಶನ ಮಾಡಿತ್ತು. ಆ ನಕ್ಷತ್ರಗಳು ಯಾವುದು ಗೊತ್ತಾ? ನಮ್ಮ ಕೃತ್ತಿಕೆ. ನಮ್ಮಲ್ಲಿ ಋಷಿಪತ್ನಿಯರು, ಅರುಂಧತಿ ಗಂಡನ ಜೊತೆ ಉಳಿದಳು, ಮಿಕ್ಕ ಆರು ಜನ ಬೇರೆಯಾದರು. ಅಲ್ಲಿ ಏಳೂ ಜನ ಓಡ್ತಾನೇ ಇದಾರೆ.

ಬೆಣ್ಣೆದೋಸೆ ಬಸು

ಆಕಾಶದಿಂದ ಇಳಿದು ಬನ್ನಿ. ಈ ಚಿತ್ರ ಅವರೇ ಬರೆದದ್ದು ಅಂತ ಏನು ಖಾತ್ರಿ? ಕ್ಯಾಥ್ಲೀನ್ ಪೆಟ್ಯಾರ್ ಅನ್ನೋರ ಪ್ರಶಸ್ತಿ ಗೆದ್ದ ಚಿತ್ರದ ಬಗ್ಗೆ 1997ರಲ್ಲಿ ದೊಡ್ಡ ಗಲಾಟೆ ಆಗಿತ್ತು. ಅವರ ಹಳೇ ಸಂಗಾತಿ, ಬಿಳಿಯ, ಅದರಲ್ಲಿ ನನ್ನ ಕೈ ಇದೆ ಅಂದಿದ್ದ.

ಪರಿಷತ್ತಿನ ಹಳೇ ವಿದ್ಯಾರ್ಥಿ

ಅರ್ಧ ಹೇಳಿ ನಿಲ್ಲಿಸಬೇಡಿ. ವಿಚಾರಣೆ ಆಯ್ತು, ಪ್ರಶಸ್ತಿ ಅವರ ಹತ್ತಿರವೇ ಉಳಿಯಿತು. ಆ ಚಿತ್ರದಲ್ಲಿ ಏನಿರಬೇಕು ಅಂತ ತೀರ್ಮಾನ ಮಾಡೋ ಹಕ್ಕು ಅವರದ್ದು. ಅದು ಅವರ ಮನೆತನದ ನೆಲ. ಯುರೋಪಿನ ಹಳೇ ಗುರುಗಳ ಕಾರ್ಯಾಗಾರದಲ್ಲಿ ಶಿಷ್ಯರು ಬಣ್ಣ ತುಂಬಿದರೆ ಯಾರೂ ಕೇಳಲ್ಲ. ಅಬೊರಿಜಿನಲ್ ಹೆಂಗಸಾದರೆ ಮಾತ್ರ ಸಾಕ್ಷಿ ಬೇಕು.

ಬೆಣ್ಣೆದೋಸೆ ಬಸು

ಶಿಷ್ಯರು ಬರೆದರೆ ಅಲ್ಲೂ ರೇಟು ಇಳಿಯುತ್ತೆ ಸ್ವಾಮಿ. ಹರಾಜಿನ ಪಟ್ಟಿ ತೆಗೆದು ನೋಡಿ, ‘ಗುರುಗಳ ಕೈ’ಗೆ ಒಂದು ಬೆಲೆ, ‘ಕಾರ್ಯಾಗಾರ’ಕ್ಕೆ ಇನ್ನೊಂದು.

ಲೆಕ್ಕದ ಲೋಕೇಶ

ಖಾತ್ರಿ ಬೇಕಾಗಿರೋದು ನಿಜವಾಗಿ ಅಂಗಡಿಗಳಲ್ಲಿ. ಆಸ್ಟ್ರೇಲಿಯಾ ಸರ್ಕಾರದ ಪ್ರೊಡಕ್ಟಿವಿಟಿ ಕಮಿಷನ್‌ನ 2022ರ ವರದಿ ಪ್ರಕಾರ ಅಬೊರಿಜಿನಲ್ ಶೈಲಿಯ ನೆನಪಿನ ವಸ್ತುಗಳಿಗೆ ಖರ್ಚಾಗೋ ದುಡ್ಡಿನಲ್ಲಿ ಅರ್ಧಕ್ಕಿಂತ ಜಾಸ್ತಿ ನಕಲಿಗೇ ಹೋಗುತ್ತೆ. ಇಂಡೋನೇಷ್ಯಾದಲ್ಲಿ ಮಾಡಿಸಿದ ಬೂಮರಾಂಗ್‌ಗಳನ್ನ ಅಬೊರಿಜಿನಲ್ ಕೈಕೆಲಸ ಅಂತ ಮಾರಿದ ಒಂದು ಕಂಪನಿಗೆ 2019ರಲ್ಲಿ ಕೋರ್ಟು 23 ಲಕ್ಷ ಡಾಲರ್ ದಂಡ ಹಾಕಿತು. ಅಷ್ಟರಲ್ಲಿ ಕಂಪನಿ ದಿವಾಳಿ ಎದ್ದಾಗಿತ್ತು.

ಸಿಡ್ನಿ ಸ್ವಾತಿ

ಊರಿಗೆ ಹೋಗುವಾಗ ಎಲ್ಲರಿಗೂ ಅಂತ ನಾವು ರಾಶಿ ರಾಶಿ ಕೊಳ್ತೀವಲ್ಲ ಚುಕ್ಕಿ ಚುಕ್ಕಿ ಕೀಚೈನು, ಅದೇ. ಕಲಾವಿದೆಯ ಹೆಸರು ಇಲ್ಲ ಅಂದರೆ ಕೊಳ್ಳಬೇಡಿ. ಅಷ್ಟೇ ಸಾಕು, ಬೇರೆ ಪಾಂಡಿತ್ಯ ಬೇಡ.

ಕ್ರಾಯ್ಡನ್ ಕನ್ನಡಿಗ

ಹೆಂಡತಿಗೆ ಈ ಚರ್ಚೆ ಪೂರ್ತಿ ಓದಿ ಹೇಳಿದೆ. ಮತ್ತೆ ಹೋಗೋಣ ಅಂತಿದಾಳೆ. ಈ ಸಲ ಏನು ನೋಡಲಿ?

ಪರಿಷತ್ತಿನ ಹಳೇ ವಿದ್ಯಾರ್ಥಿ

ಬಾಟಿಕ್ ಬಟ್ಟೆಗಳಿಂದ ಶುರು ಮಾಡಿ. ಎಲ್ಲರೂ ಕ್ಯಾನ್ವಾಸ್‌ಗೆ ಓಡ್ತಾರೆ. ಮೇಣ ಹರಿದ ಕಡೆ ಗೀಟು ಹೇಗೆ ಒಡೆದಿದೆ ನೋಡಿ, ಆಮೇಲೆ ಅದೇ ಗೀಟನ್ನ ದೊಡ್ಡ ಚಿತ್ರಗಳಲ್ಲಿ ಹುಡುಕಿ. ಕೊನೆಗೆ 1996ರ ಚಿತ್ರಗಳು ಇದ್ದರೆ ಬಿಡಬೇಡಿ. ತೀರಿಕೊಳ್ಳೋಕೆ ಸ್ವಲ್ಪ ಮುಂಚೆ ಮೂರು ದಿನದಲ್ಲಿ 24 ಚಿತ್ರ, ಅಗಲ ಕುಂಚದಲ್ಲಿ. ಚುಕ್ಕಿಯೂ ಇಲ್ಲ, ಗೀಟೂ ಇಲ್ಲ. ಬರೀ ಬಣ್ಣ.

ಮೆಲ್ಬರ್ನ್ ಮಂಜುಳಾ

ಮತ್ತೆ ಆ ಪ್ರದರ್ಶನವನ್ನ ಮೊದಲು ಕ್ಯಾನ್‌ಬೆರಾದಲ್ಲಿ ಕಟ್ಟಿದವರು ಕೆಲ್ಲಿ ಕೋಲ್, ಹೆಟ್ಟಿ ಪರ್ಕಿನ್ಸ್. ಇಬ್ಬರೂ ಅಬೊರಿಜಿನಲ್ ಹೆಂಗಸರೇ. ಯಾವ ಗೋಡೆಗೆ ಯಾವುದು ಅಂತ ಹೇಳಿದವರೂ ಅವರೇ ಅನ್ನೋದನ್ನ ಬಸು ಅವರ ಲೆಕ್ಕಕ್ಕೆ ಸೇರಿಸಿ.

ಬೆಣ್ಣೆದೋಸೆ ಬಸು

ಸೇರಿಸಿದೆ. 5% ಇನ್ನೂ 5%ಏ.

ಕೆಂಪು ಮಣ್ಣು

ಹಾಗಾದರೆ ನೇರವಾಗಿ ಕೊಳ್ಳಿ ಬಸು ಅವರೇ. ಹತ್ತಿರಹತ್ತಿರ ಪ್ರತಿ ವರ್ಷ ಆಲಿಸ್ ಸ್ಪ್ರಿಂಗ್ಸ್‌ನ ಅರಾಲುಯೆನ್‌ನಲ್ಲಿ ಡೆಸರ್ಟ್ ಮಾಬ್ ಅನ್ನೋ ಕಲಾಮೇಳ ನಡೆಯುತ್ತೆ, ಸೆಪ್ಟೆಂಬರ್ ಹೊತ್ತಿಗೆ. ಮರುಭೂಮಿಯ ಕಲಾಕೇಂದ್ರಗಳೆಲ್ಲ ಒಂದೇ ಕಡೆ ಸೇರ್ತವೆ. ಅವು ಅಲ್ಲಿನ ಜನರದ್ದೇ ಸಂಸ್ಥೆಗಳು, ನಡುವೆ ದಲ್ಲಾಳಿ ಇಲ್ಲ. ಸಂತೆಯ ದಿನ ಮೇಜಿನ ಮೇಲೆ ಸಣ್ಣ ಚಿತ್ರ, ಹುಲ್ಲಿನ ಬುಟ್ಟಿ, ಬೀಜದ ಸರ ರಾಶಿ ಹಾಕಿರ್ತಾರೆ. ಎಷ್ಟೋ ಸಲ ಮಾಡಿದ ಅಜ್ಜಿಯೇ ಪಕ್ಕದಲ್ಲಿ ಕೂತಿರ್ತಾರೆ. ಬಾಗಿಲು ತೆಗೆಯೋ ಮುಂಚೆಯೇ ಸಾಲು ಇರುತ್ತೆ, ಬೇಗ ಬನ್ನಿ. ಉಳಿಯೋಕೆ ಜಾಗ ಬೇಕಿದ್ದರೆ ನನಗೆ ಮೆಸೇಜ್ ಹಾಕಿ. ಗಿರಿ, ನಿಮಗೂ ಸೇರಿಸಿ ಹೇಳ್ತಾ ಇದೀನಿ, ಆದರೆ ಟಿಕೆಟ್ ನಿಮ್ಮದೇ.